ಗೆರೆ ಕಂಡಲ್ಲೆಲ್ಲ ವರ್ಷ ಎಣಿಸಿದ ಹುಡುಗ

"ಮಿಸ್, ಆಗ ಥರ್ಮಾಮೀಟರೇ ಇರ್ಲಿಲ್ಲ, ಮತ್ತೆ ಆ ಕಾಲದ ಹವೆ ಹೇಗಿತ್ತು ಅಂತ ಹೇಗೆ ಗೊತ್ತಾಯ್ತು?" ಒಂಬತ್ತನೇ ತರಗತಿಗೆ ಹವಾಮಾನ ಬದಲಾವಣೆ ಪಾಠ ಶುರುಮಾಡಿದರೆ ಸಾಕು, ಈ ಪ್ರಶ್ನೆ ಬರುತ್ತದೆ. ಬೋರ್ಡ್ ಮೇಲೆ ಬರೆದು ಬರೆದು ಸಾಕಾಗಿ, ಈ ಸಲ ಮಂಜುಗಡ್ಡೆಯನ್ನೇ ಮಾಡಿದೆ.

ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ದಿನಕ್ಕೊಂದು ಪದರದಂತೆ ಮನೆಯ ಫ್ರೀಜರ್‌ನಲ್ಲಿ ಗಟ್ಟಿ ಮಾಡಿದೆ. ಒಂದು ದಿನ ಬರೀ ನೀರು, ಇನ್ನೊಂದು ದಿನ ಕೆಮ್ಮಣ್ಣು ಕದಡಿದ ನೀರು, ಒಂದು ಪದರಕ್ಕೆ ಮಾತ್ರ ಒಲೆಯ ಬೂದಿ. ಮೊದಲ ಬಾಟಲಿ ಹಾಳಾಯಿತು. ನಲ್ಲಿ ನೀರು ಸುರಿದಿದ್ದಕ್ಕೆ ಕೆಳಗಿನ ಪದರ ಕರಗಿ ಎಲ್ಲ ಕಲಸುಮೇಲೋಗರ. ಫ್ರಿಜ್‌ನಲ್ಲಿ ಚೆನ್ನಾಗಿ ತಣ್ಣಗಾದ ನೀರನ್ನು ಬೆರಳು ದಪ್ಪಕ್ಕಿಂತ ಜಾಸ್ತಿ ಆಗದಂತೆ ಹಾಕಿದರೆ ಗೆರೆ ನಿಲ್ಲುತ್ತದೆ.

ತರಗತಿಯಲ್ಲಿ ಬಾಟಲಿ ಸೀಳಿ ತಟ್ಟೆಯಲ್ಲಿ ಮಲಗಿಸಿದೆ. "ಧ್ರುವಗಳ ಹತ್ರ ವರ್ಷವರ್ಷ ಬಿದ್ದ ಹಿಮ ಹೀಗೇ ಪದರವಾಗಿ ಗಟ್ಟಿಯಾಗುತ್ತೆ. ಒಂದು ಪದರ ಒಂದು ವರ್ಷ. ಬೂದಿ ಇರೋದು 1815" ಎಂದೆ. ಆ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದರ ಗಂಧಕದ ಗುರುತು ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ ಎರಡೂ ಕಡೆಯ ಮಂಜಿನಲ್ಲಿದೆ. ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಎಣಿಸಿ, ಮಣ್ಣಿನ ಪದರ ಯಾವ ವರ್ಷದ್ದು ಅಂತ ಮಕ್ಕಳೇ ಹೇಳಿದರು. ಕರಗುವ ಮುಂಚೆ ಮುಗಿಸುವ ಅವಸರ ಬೇರೆ! ಗಾಳಿಗುಳ್ಳೆಗಳನ್ನೂ ತೋರಿಸಿದೆ. ಅಂಟಾರ್ಕ್ಟಿಕಾದ ಡೋಮ್ ಸಿ ಎಂಬಲ್ಲಿ ಮೂರು ಕಿಲೋಮೀಟರ್‌ಗೂ ಆಳಕ್ಕೆ ಕೊರೆದು ತೆಗೆದ ಮಂಜಿನಲ್ಲಿ 8 ಲಕ್ಷ ವರ್ಷಗಳ ಗಾಳಿ ಸಿಕ್ಕಿದೆ. ಕೈಗಾರಿಕೆ ಬರುವವರೆಗೆ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ ಹೆಚ್ಚೆಂದರೆ 300ರ ಆಸುಪಾಸು. ಈಗ 420 ದಾಟಿದೆ.

ಎಡವಟ್ಟಾಗಿದ್ದು ಲಾಲ್‌ಬಾಗ್ ಬಂಡೆಯ ಮೇಲೆ. ಒಬ್ಬ ಹುಡುಗ ಕುಕ್ಕರಗಾಲಲ್ಲಿ ಕೂತು ಕಪ್ಪು ಬಿಳಿ ಪಟ್ಟೆಗಳ ಮೇಲೆ ಬೆರಳಾಡಿಸುತ್ತಿದ್ದ. "ಮಿಸ್, ಇಲ್ಲಿಗೆ 42 ವರ್ಷ." ಆ ಬಂಡೆಗೆ ಸುಮಾರು 300 ಕೋಟಿ ವರ್ಷ! ಅವನನ್ನು ಬೈದು ಏನು ಪ್ರಯೋಜನ? ಪದರ ಅಂದ್ರೆ ವರ್ಷ ಅಂತ ವಾರಗಟ್ಟಲೆ ತಲೆಗೆ ತುಂಬಿದ್ದು ನಾನೇ ಅಲ್ವಾ? ಆ ಪಟ್ಟೆಗಳು ನೆಲದಾಳದ ಕಾವು, ಒತ್ತಡಕ್ಕೆ ಖನಿಜಗಳು ಬೇರೆಯಾಗಿ ಮೂಡಿದವು. ಇಂಥ ಕಲ್ಲಿನ ವಯಸ್ಸು ಹೇಳುವುದು ಅದರೊಳಗಿನ ಜಿರ್ಕಾನ್ ಹರಳು. ಹರಳಲ್ಲಿರುವ ಯುರೇನಿಯಂ ಲೆಕ್ಕಕ್ಕೆ ಸಿಗುವ ವೇಗದಲ್ಲಿ ಸೀಸವಾಗುತ್ತಾ ಹೋಗುತ್ತದೆ.

"ಅದನ್ನೂ ಬಾಟಲೀಲಿ ತೋರ್ಸಿ ಮಿಸ್" ಎಂದ.

ಬಾಟಲಿ ಆಗಲಿಲ್ಲ. ಚೌಕಾಬಾರಕ್ಕೆ ಮಾಡುವಂತೆ 100 ಹುಣಸೆ ಬೀಜಗಳ ಒಂದು ಬದಿ ಉಜ್ಜಿ ಬಿಳಿ ಮಾಡಿಸಿದೆ. ಎಲ್ಲವನ್ನೂ ಎಸೆಯುವುದು, ಬಿಳಿ ಬಿದ್ದದ್ದು ಸೀಸ, ಅದನ್ನು ಪಕ್ಕಕ್ಕಿಡುವುದು, ಉಳಿದದ್ದನ್ನು ಮತ್ತೆ ಎಸೆಯುವುದು. ಪ್ರತಿ ಸಲ ಹೆಚ್ಚುಕಮ್ಮಿ ಅರ್ಧ ಉಳಿಯುತ್ತಿತ್ತು. ಅವನು ನನಗೆ ಬೆನ್ನು ಮಾಡಿ ಆಡಿ, ಉಳಿದ ಹದಿಮೂರು ಬೀಜಗಳನ್ನು ಅಂಗೈಯಲ್ಲಿ ಹಿಡಿದು ಬಂದ. "ಎಷ್ಟು ಸಲ ಎಸ್ದಿದೀನಿ ಹೇಳಿ ನೋಡೋಣ?"

"ಮೂರು" ಎಂದೆ.