ಬೈಗುಳದ ನಡುವೆ ಬೀಟ್: ಸೇಲ್ಸ್‌ನಲ್ಲಿ ಕುಗ್ಗಿದ ಧೈರ್ಯವನ್ನು ನಾನು ಲೆಕ್ಕದಿಂದ ಕಟ್ಟಿಕೊಂಡ ಬಗೆ

ಸೋಪು, ಬಿಸ್ಕತ್ತು, ಟೂತ್‌ಪೇಸ್ಟ್ ಮಾರುವ ಕಂಪನಿಗಳಲ್ಲಿ ತಾಲ್ಲೂಕು ಮಟ್ಟದ ಸೇಲ್ಸ್ ಆಫೀಸರ್ ಆಗಿ ದುಡಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೇಲಿನವರು ಬಾಯಿಗೆ ಬಂದಂತೆ ಬೈಯುತ್ತಾರೆ, ಕೆಲಸವನ್ನು ಈಗಲೇ ಬಿಡುವಂತೆಯೂ ಇಲ್ಲ. ಅಂಥ ಹೊತ್ತಿನಲ್ಲಿ ಅದೇ ಟೆರಿಟರಿಯಲ್ಲಿ, ಅಂದರೆ ಕಂಪನಿ ಒಪ್ಪಿಸಿದ ಪ್ರದೇಶದಲ್ಲಿ, ನಿಂತು ನಾನು ಏನೇನು ಮಾಡಿದೆ, ಯಾವುದು ಕೆಲಸಕ್ಕೆ ಬಂತು ಎಂಬುದಷ್ಟೇ ಇಲ್ಲಿದೆ.

ಧೈರ್ಯ ಕುಗ್ಗಿದ್ದು ಮೊದಲು ಕಾಣುವುದು ಬಿಲ್ಲಿನಲ್ಲಿ. ಬೆಳಗಿನ ಕಾನ್ಫರೆನ್ಸ್ ಕಾಲ್‌ನಲ್ಲಿ ಹತ್ತು ಜನರ ಮುಂದೆ ಬೈಸಿಕೊಂಡು ಮಾರ್ಕೆಟ್‌ಗೆ ಇಳಿದವನು ಕೌಂಟರ್ ಮುಂದೆ ಅವಸರದಲ್ಲಿ ಮಾತಾಡುತ್ತಾನೆ. ಅಂಗಡಿಯವರು ಕೇಳುವ ಮೊದಲೇ ಸ್ಕೀಮ್, ಅಂದರೆ ಮಾಲಿನ ಮೇಲಿನ ರಿಯಾಯಿತಿ, ಹೇಳಿಬಿಡುತ್ತಾನೆ. ಎರಡು ಐಟಂ ಬರೆದುಕೊಂಡರೆ ಸಾಕು ಎಂದು ಹೊರಡುತ್ತಾನೆ, ಮೂರನೆಯದನ್ನು ಕೇಳುವುದಿಲ್ಲ. ಸಂಜೆಯ ಹೊತ್ತಿಗೆ ನಂಬರ್ ತೋರಿಸಲೇಬೇಕಾದಾಗ ಹೋಲ್‌ಸೇಲ್‌ನವರಿಗೆ ದೊಡ್ಡ ಸ್ಕೀಮ್ ಕೊಟ್ಟು ಒಂದೇ ಬಿಲ್‌ನಲ್ಲಿ ದಿನ ಮುಗಿಸುತ್ತಾನೆ. ಆ ಮಾಲೇ ಮುಂದಿನ ವಾರ ಕಡಿಮೆ ರೇಟಿಗೆ ಚಿಲ್ಲರೆ ಅಂಗಡಿಗಳಿಗೆ ಹೋಗುತ್ತದೆ. ಆಗ ಪ್ರತಿ ಕೌಂಟರ್‌ನಲ್ಲೂ ಒಂದೇ ಮಾತು: 'ಹೋಲ್‌ಸೇಲ್‌ನಲ್ಲೇ ಕಮ್ಮಿಗೆ ಸಿಗುತ್ತೆ ಬಿಡಿ.' ಭಯದಲ್ಲಿ ಹೊಡೆದ ಬಿಲ್ಲೇ ಮುಂದಿನ ವಾರದ 'ಬೇಡ'ಗಳನ್ನು ಹುಟ್ಟಿಸುತ್ತದೆ. ಅದನ್ನು ನಮ್ಮ ಕೈಲಾಗದತನ ಎಂದು ತಿಳಿದು ಇನ್ನಷ್ಟು ಕುಗ್ಗುತ್ತೇವೆ. ಬೈಗುಳಕ್ಕಿಂತ ಹೆಚ್ಚು ಹಾನಿ ಮಾಡುವುದು ಈ ಸುತ್ತು.

ಹಾಗಾಗಿ ನಾನು ಮೊದಲು ಮಾಡಿದ್ದು ಎರಡು ನಂಬರ್‌ಗಳನ್ನು ಬೇರೆ ಮಾಡಿದ್ದು. ಕಂಪನಿಯಿಂದ ಡಿಸ್ಟ್ರಿಬ್ಯೂಟರ್‌ಗೆ ಆಗುವ ಬಿಲ್ಲಿಂಗ್ ಪ್ರೈಮರಿ, ಡಿಸ್ಟ್ರಿಬ್ಯೂಟರ್‌ನಿಂದ ಅಂಗಡಿಗೆ ಹೋಗುವುದು ಸೆಕೆಂಡರಿ. ಇದು ಎಲ್ಲರಿಗೂ ಗೊತ್ತು. ಆದರೆ ಬೈಗುಳವೆಲ್ಲ ಪ್ರೈಮರಿಗೆ, ನಮ್ಮ ಕಸುಬು ಕಾಣುವುದೆಲ್ಲ ಸೆಕೆಂಡರಿಯಲ್ಲಿ ಎಂಬುದನ್ನು ತಿಂಗಳ ಕೊನೆಯ ಗದ್ದಲದಲ್ಲಿ ಮರೆಯುತ್ತೇವೆ. ಒಂದನೇ ತಾರೀಕು ಈ ಲೆಕ್ಕವನ್ನು ಕಾಗದದ ಮೇಲೆ ಹಾಕಲೇಬೇಕು: ಈ ತಿಂಗಳು ನಿಜಕ್ಕೂ ಸಾಧ್ಯವಿರುವ ಪ್ರೈಮರಿ ಎಂದರೆ, ಆಗಬಹುದಾದ ಸೆಕೆಂಡರಿಗೆ ತಿಂಗಳ ಕೊನೆಗೆ ಇರಬೇಕಾದ ಕ್ಲೋಸಿಂಗ್ ಸ್ಟಾಕ್ ಕೂಡಿಸಿ, ಈಗಿರುವ ಓಪನಿಂಗ್ ಸ್ಟಾಕ್ ಕಳೆದದ್ದು.

ಒಂದು ಉದಾಹರಣೆ ನೋಡಿ. ಡಿಸ್ಟ್ರಿಬ್ಯೂಟರ್‌ನ ತಿಂಗಳ ಸೆಕೆಂಡರಿ 12 ಲಕ್ಷ. 15 ದಿನದ ಸ್ಟಾಕ್ ಇರಬೇಕೆಂದರೆ 6 ಲಕ್ಷ. ಹೋದ ತಿಂಗಳ 30ರಂದು ಒತ್ತಾಯ ಮಾಡಿ ಮಾಲು ಹಾಕಿಸಿದ್ದರಿಂದ ಗೋಡೌನ್‌ನಲ್ಲಿ ಈಗ 11 ಲಕ್ಷದ ಮಾಲಿದೆ. 12 ಕೂಡಿಸು 6, ಕಳೆ 11, ಅಂದರೆ 7 ಲಕ್ಷ. ಟಾರ್ಗೆಟ್ 13 ಲಕ್ಷ ಇದ್ದರೆ ಆ 6 ಲಕ್ಷದ ಕೊರತೆ ಒಂದನೇ ತಾರೀಕೇ ಗೊತ್ತಿರುವ ಕೊರತೆ. ಅದು ನನ್ನ ಮಾತಿನ ಚಾತುರ್ಯದ ಕೊರತೆ ಅಲ್ಲ, ಹೋದ ತಿಂಗಳ ಒತ್ತಡದ ಬಾಕಿ. ಈ ಒಂದು ಸಾಲಿನ ಲೆಕ್ಕ ಕಣ್ಣೆದುರಿಗಿದ್ದರೆ ತಿಂಗಳಿಡೀ ಬೀಳುವ ಬೈಗುಳದ ಅರ್ಧ ಭಾರ ಇಳಿಯುತ್ತದೆ.

ಡಿಸ್ಟ್ರಿಬ್ಯೂಟರ್ ಯಾಕೆ ಚೆಕ್ ಕೊಡುತ್ತಿಲ್ಲ ಎಂಬುದಕ್ಕೂ ಲೆಕ್ಕವಿದೆ. ಶೇ. 5 ಮಾರ್ಜಿನ್ ಎಂದರೆ 12 ಲಕ್ಷಕ್ಕೆ 60 ಸಾವಿರ. ಗಾಡಿ, ಡೆಲಿವರಿ ಹುಡುಗರು, ಗೋಡೌನ್ ಬಾಡಿಗೆಗೆ 30 ಸಾವಿರ ಹೋದರೆ ಕೈಗೆ 30 ಸಾವಿರ, ವರ್ಷಕ್ಕೆ 3.6 ಲಕ್ಷ. ಸ್ಟಾಕ್‌ಗೆ 6 ಲಕ್ಷ, ಮಾರ್ಕೆಟ್ ಉದ್ರಿಗೆ 4 ಲಕ್ಷ ಹಾಕಿದ್ದರೆ ಬಂಡವಾಳದ ಮೇಲೆ ಶೇ. 36 ಬರುತ್ತದೆ. ಸ್ಟಾಕ್ 11 ಲಕ್ಷಕ್ಕೆ ಏರಿದರೆ ಅದೇ ಲಾಭ ಶೇ. 24ಕ್ಕೆ ಇಳಿಯುತ್ತದೆ. ಬಾಕಿ ಇರುವ ಕ್ಲೇಮ್, ಅಂದರೆ ಕಂಪನಿಯಿಂದ ವಾಪಸ್ ಬರಬೇಕಾದ ಹಣ, ಸೇರಿಸಿದರೆ ಇನ್ನೂ ಕೆಳಗೆ. ಅವರು 'ಆಗಲ್ಲ' ಎಂದಾಗ ನನ್ನನ್ನು ತಿರಸ್ಕರಿಸುತ್ತಿಲ್ಲ, ತಮ್ಮ ದುಡ್ಡು ಕಾಯುತ್ತಿದ್ದಾರೆ. ಇದನ್ನು ಅರಿತು ಅವರೆದುರು ಕುಳಿತರೆ ಬೇಡುವ ದನಿ ತಾನಾಗಿಯೇ ಹೋಗುತ್ತದೆ.

ಎರಡನೆಯದು ಸ್ವಂತ ನೋಟ್‌ಬುಕ್. ಕಂಪನಿಯ ಆ್ಯಪ್ ಎಷ್ಟು ಅಂಗಡಿ, ಎಷ್ಟು ಹೊತ್ತಿಗೆ, ಎಷ್ಟು ರೂಪಾಯಿ ಎಂದು ಹೇಳುತ್ತದೆ. ನನಗೆ ಬೇಕಾದದ್ದು ನಾನು ಕೆಲಸ ಹೇಗೆ ಮಾಡಿದೆ ಎಂಬುದು. ಜೇಬಿನಲ್ಲಿ ಹಿಡಿಸುವ ಪುಸ್ತಕ, ಐದು ಕಾಲಂ: ಹೋದ ಅಂಗಡಿ, ಆದ ಬಿಲ್, ಒಟ್ಟು ಲೈನ್ (ಬಿಲ್‌ನಲ್ಲಿ ಬರೆದ ಬೇರೆ ಬೇರೆ ಐಟಂಗಳ ಎಣಿಕೆ), ಹೊಸದಾಗಿ ಇಡಿಸಿದ ಐಟಂ, 'ಬೇಡ' ಎಂದದ್ದಕ್ಕೆ ಕಾರಣ. ಕಾರಣವನ್ನು ಅಂಗಡಿಯವರ ಮಾತಿನಲ್ಲೇ ಬರೆಯಬೇಕು. 'ಹಳೇ ಕ್ಲೇಮ್ ಬಂದಿಲ್ಲ', 'ಮಾಲಿದೆ', 'ಅಪ್ಪ ಇಲ್ಲ ಊಟಕ್ಕೆ ಹೋಗಿದಾರೆ', 'ಹೋಲ್‌ಸೇಲ್‌ನಲ್ಲಿ ಕಮ್ಮಿ'. ರಾತ್ರಿ ಪ್ರತಿಯೊಂದರ ಪಕ್ಕ ಒಂದು ಅಕ್ಷರ: ಕಂಪನಿಯಿಂದ ಆದದ್ದಕ್ಕೆ 'ಕಂ', ಮಾರ್ಕೆಟ್‌ನಿಂದ ಆದದ್ದಕ್ಕೆ 'ಮಾ', ನಾನು ಸರಿಮಾಡಬಹುದಾದದ್ದಕ್ಕೆ 'ನಾ'. ಊಟದ ಹೊತ್ತಿಗೆ ಹೋದದ್ದು 'ನಾ'. ಕೇಳದೇ ಬಂದದ್ದು 'ನಾ'. ಕ್ಲೇಮ್ ಬರದಿರುವುದು 'ಕಂ'. ನನ್ನ ಪಾಲಿಗೆ ಬರುವುದು ನಾನು ಹೆದರಿದ್ದಕ್ಕಿಂತ ಬಹಳ ಕಡಿಮೆ ಇರುತ್ತದೆ. ಇರುವುದು ಕೂಡ ನಾಳೆಯೇ ತಿದ್ದಬಹುದಾದದ್ದು.

ಇದನ್ನು ಅಂಗಡಿಯ ಮೆಟ್ಟಿಲು ಇಳಿದ ಕೂಡಲೇ ಬರೆಯಬೇಕು. ಸಂಜೆ ನೆನಪಿನಿಂದ ಬರೆದರೆ ಬೈಗುಳದ ಬಣ್ಣ ಹತ್ತಿಬಿಡುತ್ತದೆ, ಎಲ್ಲವೂ 'ನಾ' ಆಗಿ ಕಾಣುತ್ತದೆ. ಈ ಪುಸ್ತಕವನ್ನು ಮ್ಯಾನೇಜರ್‌ಗೆ ತೋರಿಸಬೇಡಿ. ತೋರಿಸಿದ ದಿನದಿಂದ ಅದೂ ಒಂದು ರಿಪೋರ್ಟ್ ಆಗುತ್ತದೆ, ನೀವು ಅದರಲ್ಲಿ ನಿಜ ಬರೆಯುವುದನ್ನು ನಿಲ್ಲಿಸುತ್ತೀರಿ. ಕಂಪನಿಯ ಕಸ್ಟಮರ್ ಲಿಸ್ಟ್, ರೇಟ್ ಶೀಟ್ ಯಾವುದನ್ನೂ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಬೇಕಾದದ್ದು ನಿಮ್ಮ ಕೆಲಸದ ಲೆಕ್ಕ ಮಾತ್ರ.

ಈಗ ಕೌಂಟರ್. ಇಡೀ ಟೆರಿಟರಿಯನ್ನು ಒಟ್ಟಿಗೆ ಸರಿಮಾಡಲು ಹೋದರೆ ಸೋಲುತ್ತೀರಿ. ಒಂದು ಬೀಟ್, ಅಂದರೆ ಒಂದು ದಿನದಲ್ಲಿ ಸುತ್ತುವ ಅಂಗಡಿಗಳ ಸಾಲು, ಆರಿಸಿ, ಅದರಲ್ಲಿ ಹತ್ತು ಮಧ್ಯಮ ಗಾತ್ರದ ಅಂಗಡಿ. ತೀರಾ ದೊಡ್ಡವು ಬೇಡ, ಅಲ್ಲಿ ಎಲ್ಲ ಕಂಪನಿಯವರ ನೂಕುನುಗ್ಗಲು. ಹೋಲ್‌ಸೇಲ್ ಖಂಡಿತ ಬೇಡ. ಆ ಹತ್ತರಲ್ಲಿ ಮೊದಲ ಭೇಟಿಯಲ್ಲಿ ಆರ್ಡರ್‌ಗೆ ಒತ್ತಾಯವಿಲ್ಲ. ಒಡೆದದ್ದು, ಡೇಟ್ ಮುಗಿದದ್ದು, ಬಾಕಿ ಸ್ಕೀಮ್ ಹಣ ಇವುಗಳ ಪಟ್ಟಿ ಮಾಡಿ, ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ನೇರವಾಗಿ ಹೇಳಿ. 'ಆಗಲ್ಲ' ಎಂಬುದನ್ನು ಮುಚ್ಚಿಡದ ಸೇಲ್ಸ್‌ನವನನ್ನು ಅಂಗಡಿಯವರು ಬೇಗ ನಂಬುತ್ತಾರೆ.

ಮುಂದಿನ ವಾರದಿಂದ ಆರ್ಡರ್ ಕೇಳುವುದು ಅಂಕಿಯಿಂದ. ನಮಸ್ಕಾರ ಹೇಳಿ, ಅನುಮತಿ ಕೇಳಿ ರ‍್ಯಾಕ್ ಎಣಿಸಿ. ಹೋದ ವಾರ ಉಳಿದಿದ್ದದ್ದು 4, ತೆಗೆದುಕೊಂಡದ್ದು 12, ಈಗ ಉಳಿದಿರುವುದು 3. ಅಂದರೆ 13 ಮಾರಾಟವಾಗಿದೆ. ಅದರ ಒಂದೂವರೆ ಪಟ್ಟು ಸುಮಾರು 20. ಕೈಯಲ್ಲಿರುವ 3 ಕಳೆದರೆ 17. ಡಜನ್ ಲೆಕ್ಕದ ಐಟಂ ಆದರೆ ಕೆಳಗಿನ 12ಕ್ಕೇ ನಿಲ್ಲಿಸಿ. ಹಳ್ಳಿ ಅಂಗಡಿಯಲ್ಲಿ ಮಾಲು ಸ್ವಲ್ಪ ಸಾಲದೆ ಹೋದರೂ ಪರವಾಗಿಲ್ಲ, ಉಳಿದರೆ ನಂಬಿಕೆ ಹೋಗುತ್ತದೆ. ಆಮೇಲೆ ಒಂದೇ ವಾಕ್ಯ: 'ಅಣ್ಣಾ, ವಾರದಲ್ಲಿ 13 ಹೋಗಿದೆ, ಇರೋದು 3. ಒಂದು ಡಜನ್ ಬರೀಲಾ?' ಹೇಳಿ ಸುಮ್ಮನೆ ನಿಲ್ಲಿ.

ಸುಮ್ಮನೆ ನಿಲ್ಲುವುದೇ ಕಷ್ಟದ ಕೆಲಸ. ಕುಗ್ಗಿದ ಮನಸ್ಸಿಗೆ ಎರಡು ಕ್ಷಣದ ಮೌನವೂ 'ಬೇಡ' ಎಂದೇ ಕೇಳಿಸುತ್ತದೆ, ತಕ್ಷಣ ಸ್ಕೀಮ್ ಬಾಯಿಗೆ ಬರುತ್ತದೆ. ಅಂಗಡಿಯವರು ಆ ಹೊತ್ತಿನಲ್ಲಿ ಗಲ್ಲಾದಲ್ಲಿ ಎಷ್ಟಿದೆ, ಯಾರಿಗೆ ಕೊಡಬೇಕು ಎಂದು ಯೋಚಿಸುತ್ತಿರುತ್ತಾರೆ. ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಸ್ಕೀಮ್ ಹೇಳುವುದು ಅವರು 'ಹೂಂ' ಅಂದ ಮೇಲೆ, ಇನ್ನೊಂದು ಲೈನ್ ಸೇರಿಸಲು. ಹೀಗೆ ಮಾಡಿದರೆ ಸ್ಕೀಮ್ ದುಡ್ಡು ಉಳಿಯುತ್ತದೆ, ಲೈನ್ ಏರುತ್ತದೆ. 22 ಬಿಲ್‌ಗೆ 66 ಲೈನ್ ಇದ್ದದ್ದು ಬಿಲ್‌ಗೆ ಒಂದರಂತೆ ಹೆಚ್ಚಿದರೆ, ಲೈನ್‌ಗೆ 150 ರೂಪಾಯಿ ಹಿಡಿದರೂ ದಿನಕ್ಕೆ 3,300. ತಿಂಗಳಲ್ಲಿ 25 ದಿನ ಬೀಟ್ ಇದ್ದರೆ 82,500. ಹೊಸ ಅಂಗಡಿ ಒಂದೂ ಇಲ್ಲದೆ, ಹೆಚ್ಚು ಸ್ಕೀಮ್ ಇಲ್ಲದೆ ಬಂದ ಈ ದುಡ್ಡನ್ನು ಯಾವ ಮ್ಯಾನೇಜರ್ ಬೈದರೂ ಇಲ್ಲವೆನಿಸಲಾಗದು.

ನಂಬರ್ ಪಕ್ಕದಲ್ಲಿ ಕಾಲವನ್ನೂ ಬರೆಯಿರಿ. ಆಷಾಢದಲ್ಲಿ ಮದುವೆ ಇಲ್ಲ. ಚನ್ನಗಿರಿ, ಶಿವಮೊಗ್ಗ ಕಡೆ ಅಡಿಕೆ ದುಡ್ಡು ಬಂದ ಮೇಲೆ ಅಂಗಡಿಯ ಉದ್ರಿ ತೀರುತ್ತದೆ. ಬ್ಯಾಡಗಿ ಸುತ್ತ ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಆವಕದ ಮೇಲೆ ಪೇಟೆ ನಡೆಯುತ್ತದೆ. ಹಾಲಿನ ಊರುಗಳಲ್ಲಿ ಡೈರಿ ಬಟವಾಡೆಯ ಮರುದಿನ ಹೋದರೆ ಕಲೆಕ್ಷನ್ ಬೇರೆಯೇ ಇರುತ್ತದೆ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಇಳಿಕೆ ಘೋಷಣೆಯಾಗಿ, ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು ಶೇ. 18ರಿಂದ 5ಕ್ಕೆ ಇಳಿದದ್ದು 22ರಿಂದ. ನಡುವಿನ ದಿನಗಳಲ್ಲಿ ಹಳೆ ರೇಟಿನ ಮಾಲಿಗೆ ಅಂಗಡಿಯವರು ಕೈ ಹಾಕಲು ಹಿಂಜರಿದದ್ದು ಸಹಜ. ಆ ತಿಂಗಳ ನಂಬರ್ ನೋಡಿ ತನ್ನನ್ನು ತಾನು ಹಳಿದುಕೊಂಡವರು ಇದ್ದಾರೆ. ಅವರ ಪುಸ್ತಕದಲ್ಲಿ ಪಕ್ಕಕ್ಕೆ ಈ ಒಂದು ಸಾಲು ಇರಬೇಕಿತ್ತು.

ಮ್ಯಾನೇಜರ್ ಜೊತೆಗಿನ ಮಾತಿನಲ್ಲಿ ಅತಿ ಮುಖ್ಯವಾದದ್ದು ಬೆಳಗಿನ ಕಮಿಟ್‌ಮೆಂಟ್. ಬೈಗುಳ ತಪ್ಪಿಸಿಕೊಳ್ಳಲು ದೊಡ್ಡ ಅಂಕಿ ಹೇಳಿದರೆ ಸಂಜೆ ಸಿಕ್ಕಿಹಾಕಿಕೊಳ್ಳುವುದು ನಮ್ಮ ಮಾತಿಗೇ. ನಾನು ಹೇಳುವ ರೀತಿ ಇದು: 'ಸರ್, ಇವತ್ತು ಸಂತೆ ಬೀಟ್, 40 ಅಂಗಡಿ, 22 ಬಿಲ್, 33 ಸಾವಿರ ಸೆಕೆಂಡರಿ. ಪ್ರೈಮರಿ ಚೆಕ್ ಶುಕ್ರವಾರ, 2 ಲಕ್ಷ.' 'ಇಷ್ಟೇನಾ?' ಎಂದರೆ ಅದೇ ಅಂಕಿಯನ್ನು ಅದೇ ದನಿಯಲ್ಲಿ ಇನ್ನೊಮ್ಮೆ. ವಿವರಣೆ ಸೇರಿಸಿದಷ್ಟೂ ಹಿಡಿಯಲು ಬಾಲ ಸಿಗುತ್ತದೆ. ಗ್ರೂಪ್‌ನಲ್ಲಿ ಕೆಂಪು ಬಣ್ಣದ ಪಟ್ಟಿ ಹಾಕಿ ಹೀಯಾಳಿಸಿದರೆ ಗ್ರೂಪ್‌ನಲ್ಲಿ ಉತ್ತರ ಬೇಡ. ಸತ್ಯ ಸಂಗತಿಯನ್ನು ಎರಡು ಸಾಲಿನಲ್ಲಿ ಮೇಲ್ ಮಾಡಿ. ಜೊತೆಯಲ್ಲಿ ಮಾರ್ಕೆಟ್‌ಗೆ ಬಂದು ಅಂಗಡಿಯವರ ಮುಂದೆಯೇ ಬೈದರೆ, ಆ ಅಂಗಡಿಯ ಕೆಲಸ ಮುಗಿಸಿ ಹೊರಗೆ ಬಂದು ಹೇಳಿ: 'ಸರ್, ಅವರ ಮುಂದೆ ಬೈದ್ರೆ ನಾಳೆ ಅಲ್ಲಿ ನಾನು ಆರ್ಡರ್ ಕೇಳೋಕಾಗಲ್ಲ. ಏನಿದ್ರೂ ಹೊರಗೆ ಹೇಳಿ.' ಕೆಲವರು ತಿದ್ದಿಕೊಳ್ಳುತ್ತಾರೆ. ತಿದ್ದಿಕೊಳ್ಳದಿದ್ದರೂ ಆ ಮಾತು ಹೇಳಿದವನ ಬೆನ್ನು ನೆಟ್ಟಗಾಗುತ್ತದೆ.

ಎರಡು ವಿಷಯದಲ್ಲಿ ಮಾತ್ರ ಯಾವ ಕಾರಣಕ್ಕೂ ಬಗ್ಗಬಾರದು. ಡಿಸ್ಟ್ರಿಬ್ಯೂಟರ್ ಒಪ್ಪಿಗೆ ಇಲ್ಲದೆ ಬಿಲ್ಲಿಂಗ್ ಮಾಡಿಸಬೇಡಿ, ಸ್ವಂತ ದುಡ್ಡು ತಿರುಗಿಸಬೇಡಿ. ಒಪ್ಪಿಗೆ ಇಲ್ಲದ ಮಾಲು ಗಾಡಿಯಿಂದ ಇಳಿಯದೆ ವಾಪಸಾಗುತ್ತದೆ, ಸಾಗಣೆ ಖರ್ಚು, ಕ್ರೆಡಿಟ್ ನೋಟ್ ಎಲ್ಲದರ ಮಧ್ಯೆ ನಿಮ್ಮ ಹೆಸರು ಮಾತ್ರ ಉಳಿಯುತ್ತದೆ. ಬಾಯಿಮಾತಿನಲ್ಲಿ 'ಹಾಕಿಸು, ನಾನಿದ್ದೀನಿ' ಎಂದರೆ ಅಂದೇ ಮೇಲ್: 'ಸರ್, ಓಪನಿಂಗ್ ಸ್ಟಾಕ್ 11 ಲಕ್ಷ ಇದೆ. ನೀವು ಹೇಳಿದ 2 ಲಕ್ಷದ ಬಿಲ್ಲಿಂಗ್‌ಗೆ ಡಿಸ್ಟ್ರಿಬ್ಯೂಟರ್ ಇನ್ನೂ ಒಪ್ಪಿಲ್ಲ. ಮುಂದೇನು ತಿಳಿಸಿ.' ಇದಕ್ಕೆ ಉತ್ತರ ಬರುವುದು ಅಪರೂಪ, ಒತ್ತಾಯ ನಿಲ್ಲುವುದು ಅಪರೂಪವಲ್ಲ. ಇನ್ನು ಸ್ವಂತ ಜೇಬಿನಿಂದ ಸ್ಕೀಮ್ ಕೊಟ್ಟು, ಸಾಲ ಮಾಡಿ ಡಿಸ್ಟ್ರಿಬ್ಯೂಟರ್ ಖಾತೆ ತುಂಬಿದವರು ಮನೆಯ ಒಡವೆಯವರೆಗೂ ಹೋಗುತ್ತಾರೆ. ಸಂಬಳಕ್ಕೆ ದುಡಿಯುವವರು ಕಂಪನಿಯ ಬಂಡವಾಳಗಾರರಾಗಬಾರದು.

ಬೈಯುವ ಮ್ಯಾನೇಜರ್ ಬೇರೆ, ಬಿಗಿಯಾದ ಮ್ಯಾನೇಜರ್ ಬೇರೆ. ಬಿಗಿಯಾದವರು ಯಾವ ಅಂಗಡಿ, ಯಾವ ಲೈನ್ ಎಂದು ಕೇಳುತ್ತಾರೆ, ಜೊತೆಗೆ ಬಂದು ಅಂಗಡಿಯಲ್ಲಿ ಆರ್ಡರ್ ಕೇಳಿ ತೋರಿಸುತ್ತಾರೆ. ಅಂಥವರ ಕೈಕೆಳಗಿನ ಕೆಲಸ ಬಿಡಬೇಡಿ. ಬೈಗುಳ ಜಾತಿಗೆ, ಮನೆಯವರಿಗೆ, ಮೈಗೆ ತಾಗಿದರೆ ಅದು ಸೇಲ್ಸ್ ವಿಷಯವೇ ಅಲ್ಲ. ಫೀಲ್ಡ್‌ನಲ್ಲಿರುವ ಹೆಣ್ಣುಮಕ್ಕಳು ಒಂದು ವಿಷಯ ತಿಳಿದಿರಬೇಕು: 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಕೆಲಸದ ಮೇಲೆ ಹೋಗುವ ಜಾಗ, ಕಂಪನಿ ಕೊಟ್ಟ ವಾಹನ ಕೂಡ ಕೆಲಸದ ಸ್ಥಳವೇ. ಘಟನೆಯಾದ ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ಬರಹದಲ್ಲಿ ದೂರು ಕೊಡಬೇಕು.

ನಿದ್ದೆ ಹೋದರೆ, ಫೋನ್ ರಿಂಗಾದರೆ ಎದೆ ಹೊಡೆದುಕೊಂಡರೆ, ಬದುಕೇ ಬೇಡ ಎನಿಸಿದರೆ ಲೆಕ್ಕದ ಪುಸ್ತಕ ಸಾಲದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್‌ಗೆ 14416ರಲ್ಲಿ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ದಯವಿಟ್ಟು ತಡ ಮಾಡಬೇಡಿ.

ಕೊನೆಯದಾಗಿ, ಬಿಡುವ ತಯಾರಿ. ನೋಟ್‌ಬುಕ್ಕೇ ಬಯೋಡೇಟಾ ಆಗುತ್ತದೆ: ಬಿಲ್‌ಗೆ ಎಷ್ಟು ಲೈನ್ ಇದ್ದದ್ದು ಎಷ್ಟಾಯಿತು, ಹೊಸದಾಗಿ ಎಷ್ಟು ಅಂಗಡಿ ತೆರೆದಿರಿ, ಡಿಸ್ಟ್ರಿಬ್ಯೂಟರ್ ಸ್ಟಾಕ್ ಎಷ್ಟು ದಿನಕ್ಕೆ ಇಳಿಯಿತು. ಇಂಟರ್‌ವ್ಯೂನಲ್ಲಿ ಹಳೆ ಮ್ಯಾನೇಜರ್ ಬಗ್ಗೆ ಒಂದು ಮಾತೂ ಬೇಡ, ಈ ಅಂಕಿಗಳನ್ನು ಹೇಳಿ. ಆಫರ್ ಲೆಟರ್ ಕೈಗೆ ಬರುವ ಮುನ್ನ ರಾಜೀನಾಮೆ ಕೊಡಬೇಡಿ. ನೇಮಕಾತಿ ಪತ್ರ, ಪೇ ಸ್ಲಿಪ್, ಇನ್ಸೆಂಟಿವ್ ಮತ್ತು ಟಿಎ ಬಿಲ್‌ಗಳ ಪ್ರತಿ ಮೊದಲೇ ಜೋಡಿಸಿಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕೆಂದಿದೆ. ಅದನ್ನು ತಡೆಹಿಡಿಯಲು ಹೇಳುವ ಮಾಮೂಲಿ ನೆಪ ಡಿಸ್ಟ್ರಿಬ್ಯೂಟರ್ ಕ್ಲೇಮ್. ಆದ್ದರಿಂದ ಕೊನೆಯ ದಿನ ಗೋಡೌನ್‌ಗೆ ಹೋಗಿ ಸ್ಟಾಕ್ ಎಣಿಸಿ, ಬಾಕಿ ಕ್ಲೇಮ್‌ಗಳನ್ನು ತಿಂಗಳುವಾರು ಬರೆದು, ಡಿಸ್ಟ್ರಿಬ್ಯೂಟರ್ ಸಹಿ, ಸೀಲು ಹಾಕಿಸಿ, ಒಂದು ಪ್ರತಿ ಅವರಿಗೆ ಕೊಟ್ಟು, ಫೋಟೋ ತೆಗೆದು ಎಚ್‌ಆರ್‌ಗೂ ಮ್ಯಾನೇಜರ್‌ಗೂ ಒಂದೇ ಮೇಲ್‌ನಲ್ಲಿ ಕಳಿಸಿ.