‘ಹಿಯರಿಂಗ್ ಏಡ್’ ಎಂದು ಬಾಯಿ ತಪ್ಪಿಯೂ ಹೇಳಬೇಡಿ: ಅಮೆರಿಕದಲ್ಲಿ ಬಾಹಾ ಧರಿಸುವ ಕನ್ನಡಿಗರಿಗೆ

ಬಾಹಾ ಎಂದರೆ ಕಿವಿಯ ಹಿಂದಿನ ಮೂಳೆಗೆ ನೆಟ್ಟು, ಕಂಪನದ ಮೂಲಕ ಕೇಳಿಸುವ ಸಾಧನ. ಕಳೆದ ಎರಡು ವರ್ಷಗಳಲ್ಲಿ ಪರಿಚಯದವರ ಮೂಲಕ ಮೂವರು ಅದರ ವಿಷಯವಾಗಿ ನನಗೆ ಫೋನ್ ಮಾಡಿದ್ದಾರೆ. ಮೂವರೂ ವಿಮಾ ಕಂಪನಿಯ ನಿರಾಕರಣೆ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದವರು. ‘ನಿಮ್ಮ ಪಾಲಿಸಿಯಲ್ಲಿ ಹಿಯರಿಂಗ್ ಏಡ್‌ಗೆ ಹಣ ಕೊಡುವ ಅವಕಾಶವಿಲ್ಲ’ ಎಂದು ಅವರ ಪತ್ರಗಳಲ್ಲಿದ್ದ ಸಾಲು, ಕೆಲವು ವರ್ಷಗಳ ಹಿಂದೆ ನನಗೆ ಬಂದ ಪತ್ರದಲ್ಲಿದ್ದ ಸಾಲೇ ಆಗಿತ್ತು. ನಾಲ್ಕನೆಯವರಿಗೂ ಅದೇ ಕಥೆಯನ್ನು ಮೊದಲಿನಿಂದ ಹೇಳುವ ಬದಲು ಬರೆದಿಡುವುದೇ ವಾಸಿ ಎನಿಸಿತು. ವಿಮೆ, ಡಿಡಕ್ಟಿಬಲ್, ನೆಟ್‌ವರ್ಕ್ ಎಂದರೇನು ಎಂಬುದು ಇಲ್ಲಿಗೆ ಬಂದ ಮೂರು ತಿಂಗಳಲ್ಲಿ ಎಲ್ಲರಿಗೂ ತಿಳಿದಿರುತ್ತದೆ. ಅದನ್ನು ಇಲ್ಲಿ ವಿವರಿಸುವುದಿಲ್ಲ.

ನನ್ನ ಎಡಗಿವಿ ಚಿಕ್ಕಂದಿನಿಂದಲೂ ಸೋರುತ್ತಿತ್ತು. ಸಾಗರದ ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟು ಹತ್ತಿ ತುರುಕುವುದೇ ಚಿಕಿತ್ಸೆಯಾಗಿತ್ತು. ದೊಡ್ಡವನಾದ ಮೇಲೆ ಎರಡು ಶಸ್ತ್ರಚಿಕಿತ್ಸೆಗಳಾದವು. ಸೋರುವುದು ಕಡಿಮೆಯಾಯಿತು, ಕೇಳಿಸುವುದೂ ಕಡಿಮೆಯಾಯಿತು. ಮಾಮೂಲಿ ಯಂತ್ರ ಹಾಕಿಕೊಂಡರೆ ಅದರ ಅಚ್ಚು ಕಿವಿಯ ದಾರಿಯನ್ನು ಮುಚ್ಚಿ ಮತ್ತೆ ಕೀವು ಬರುತ್ತಿತ್ತು. ಇಂಥವರಿಗೆ, ಹುಟ್ಟಿನಿಂದಲೇ ಕಿವಿಯ ರಂಧ್ರವಿಲ್ಲದ ಮಕ್ಕಳಿಗೆ ಮತ್ತು ಒಂದು ಕಿವಿ ಪೂರ್ತಿ ಕೇಳಿಸದವರಿಗೆ ಮೂಳೆಗೆ ನೆಟ್ಟ ಸಾಧನ ಹೊಂದುತ್ತದೆ. ಕಿವಿಯ ಹಿಂದಿನ ಮೂಳೆಯಲ್ಲಿ ಟೈಟೇನಿಯಂನ ಪುಟ್ಟ ತಿರುಪು ಕೂರಿಸಿ, ಅದರ ಮೇಲೆ ಚರ್ಮದಿಂದ ಹೊರಗೆ ಕಾಣುವ ಅಬಟ್‌ಮೆಂಟ್ ಎಂಬ ಗುಂಡಿಯನ್ನು ಜೋಡಿಸಿರುತ್ತಾರೆ. ಆ ಗುಂಡಿಗೆ ಪ್ರೊಸೆಸರ್ ಎಂಬ, ಶಬ್ದವನ್ನು ಹಿಡಿಯುವ ಪುಟ್ಟ ಯಂತ್ರವನ್ನು ಸಿಕ್ಕಿಸಿದರೆ, ಶಬ್ದವು ಕಂಪನವಾಗಿ ತಲೆಬುರುಡೆಯ ಮೂಲಕ ನೇರವಾಗಿ ಒಳಗಿವಿಯನ್ನು ತಲುಪುತ್ತದೆ. ಟೈಟೇನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುವುದನ್ನು ಕಂಡುಕೊಂಡವರು ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೋನೆಮಾರ್ಕ್. ಅದನ್ನು ಶ್ರವಣಕ್ಕೆ ಬಳಸಿ 1977ರಲ್ಲಿ ಯೋಥೆಬೊರಿಯಲ್ಲಿ ಮೊದಲ ರೋಗಿಗಳಿಗೆ ಅಳವಡಿಸಿದವರು ಆಂಡೆರ್ಸ್ ಶೆಲ್‌ಸ್ಟ್ರೋಮ್. ಔಷಧ ಮತ್ತು ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ವಯಸ್ಕರಿಗೆ 1996ರಲ್ಲಿ, ಐದು ವರ್ಷ ತುಂಬಿದ ಮಕ್ಕಳಿಗೆ 1999ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಬಾಹಾ ಎನ್ನುವುದು ಒಂದು ಕಂಪನಿ ತನ್ನ ಸಾಧನಕ್ಕೆ ಇಟ್ಟ ಹೆಸರು, ಪೋಂಟೋ ಇನ್ನೊಂದು ಕಂಪನಿಯದು. ಆಡುಮಾತಿನಲ್ಲಿ ಎಲ್ಲವೂ ಬಾಹಾ.

ಈಗ ಹಣ ಕಳೆಯುವ ಹೊಂಡದ ವಿಷಯಕ್ಕೆ ಬರುತ್ತೇನೆ. ಅಮೆರಿಕದ ವಿಮಾ ಕಾಗದಗಳ ಲೋಕದಲ್ಲಿ ಹಿಯರಿಂಗ್ ಏಡ್ ಒಂದು ಜಾತಿ, ಪ್ರಾಸ್ಥೆಟಿಕ್ ಡಿವೈಸ್ ಇನ್ನೊಂದು ಜಾತಿ. ಮೊದಲನೆಯದಕ್ಕೆ ಬಹಳಷ್ಟು ಪಾಲಿಸಿಗಳು ಕಾಸು ಬಿಚ್ಚುವುದಿಲ್ಲ. ಎರಡನೆಯದು ಕೃತಕ ಕಾಲಿನ ಸಾಲಿನಲ್ಲಿ ಕೂರುವಂಥದ್ದು, ಅದಕ್ಕೆ ಹಣ ಬರುತ್ತದೆ. ಮೂಳೆಗೆ ನೆಟ್ಟ ಸಾಧನವನ್ನು ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ ಎರಡನೆಯ ಜಾತಿಗೆ ಸೇರಿಸಿದೆ. 2014ರಲ್ಲಿ ಇದನ್ನೂ ಹಿಯರಿಂಗ್ ಏಡ್‌ಗಳ ಗುಂಪಿಗೆ ತಳ್ಳುವ ಪ್ರಸ್ತಾವವನ್ನು ಅದು ಮುಂದಿಟ್ಟಿತ್ತು. ಆಕ್ಷೇಪಗಳು ಬಂದ ಮೇಲೆ ಅದೇ ವರ್ಷ ಕೈಬಿಟ್ಟಿತು. ಖಾಸಗಿ ಕಂಪನಿಗಳಲ್ಲಿ ಅನೇಕವು ಮೆಡಿಕೇರ್ ಹಾಕಿದ ಗೆರೆಯನ್ನೇ ಅನುಸರಿಸುತ್ತವೆ, ಕೆಲವು ಅನುಸರಿಸುವುದಿಲ್ಲ.

ನನಗೆ ಶಸ್ತ್ರಚಿಕಿತ್ಸೆಯಾದಾಗ ಸರ್ಜನ್ ಕಚೇರಿಯವರೇ ಎಲ್ಲವನ್ನೂ ನೋಡಿಕೊಂಡದ್ದರಿಂದ ಈ ಜಾತಿಭೇದ ನನ್ನ ಗಮನಕ್ಕೆ ಬರಲೇ ಇಲ್ಲ. ಆರು ವರ್ಷಗಳ ನಂತರ ಪ್ರೊಸೆಸರ್ ಕೆಟ್ಟಿತು. ತಿರುಪು ಜೀವಮಾನವಿಡೀ ಇರಬಹುದು, ಹೊರಗಿನ ಪ್ರೊಸೆಸರ್ ಅಷ್ಟು ಬಾಳುವುದಿಲ್ಲ ಎಂಬುದು ಹೊಸಬರಿಗೆ ಹೊಳೆಯದ ಸಂಗತಿ. ನಾನು ವಿಮಾ ಕಂಪನಿಗೆ ಫೋನ್ ಮಾಡಿ, ನಮ್ಮ ಊರಿನ ಮುಗ್ಧತೆಯಲ್ಲಿ, ‘ಹಿಯರಿಂಗ್ ಏಡ್ ಹಾಳಾಗಿದೆ, ಹೊಸದು ಕೊಡುತ್ತೀರಾ?’ ಎಂದು ಕೇಳಿದೆ. ಫೋನ್ ಎತ್ತಿದ ಮಹಿಳೆ ಅತ್ಯಂತ ಸೌಜನ್ಯದಿಂದ ಇಲ್ಲ ಎಂದರು, ಮತ್ತು ನಾನು ಆಡಿದ ಮಾತನ್ನು ಹಾಗೆಯೇ ದಾಖಲೆಗೆ ಸೇರಿಸಿಕೊಂಡರು. ಆ ಬಳಿಕ ಹೋದ ಕ್ಲಿನಿಕ್ಕು ದಿನವಿಡೀ ಮಾಮೂಲಿ ಯಂತ್ರಗಳನ್ನೇ ಮಾರುವಂಥದ್ದು. ಅಲ್ಲಿನ ಗುಮಾಸ್ತರು ಅಭ್ಯಾಸಬಲದಿಂದ ‘ವಿ’ ಅಕ್ಷರದಿಂದ ಆರಂಭವಾಗುವ ಹಿಯರಿಂಗ್ ಏಡ್ ಕೋಡ್, ಎಂದರೆ ಸಾಧನ ಯಾವುದೆಂದು ವಿಮೆಯವರಿಗೆ ತಿಳಿಸುವ ಗುರುತಿನ ಸಂಖ್ಯೆ, ಹಾಕಿ ಬಿಲ್ಲು ಕಳುಹಿಸಿದರು. ವಿಮೆ ಕೊಡದಿದ್ದರೆ ನಾನೇ ಕೊಡುತ್ತೇನೆ ಎಂಬ ಕಾಗದಕ್ಕೆ ನಾನು ಓದದೆ ಸಹಿ ಹಾಕಿದ್ದೆ. ಆರು ಸಾವಿರ ಡಾಲರಿಗೂ ಮಿಕ್ಕಿದ ಬಿಲ್ಲು ಮನೆಗೆ ಬಂತು. ವಸೂಲಿಯವರ ಕೈಗೆ ಹೋದೀತೆಂಬ ಭಯದಿಂದ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದೆ. ಹಣ ಹಿಂದಿರುಗಲು ಏಳು ತಿಂಗಳು ಬೇಕಾಯಿತು. ಕಾರ್ಡಿನ ಬಡ್ಡಿಯಂತೂ ಹೋದದ್ದು ಹೋದಂತೆಯೇ.

ಆಗಬೇಕಾಗಿದ್ದದ್ದು ಇಷ್ಟೇ. ಪೂರ್ತಿ ಸಾಧನಕ್ಕೆ ಎಲ್ 8690, ಪ್ರೊಸೆಸರ್ ಮಾತ್ರ ಬದಲಾಯಿಸುವುದಕ್ಕೆ ಎಲ್ 8691 ಎಂಬ ಕೋಡುಗಳಿವೆ. ‘ಎಲ್’ ಎಂಬ ಅಕ್ಷರವೇ ಪ್ರಾಸ್ಥೆಟಿಕ್ ಬಾಗಿಲಿನ ಬೀಗದ ಕೈ. ಫೋನಿನಲ್ಲಿ ‘ಆಡಿಟರಿ ಆಸಿಯೋಇಂಟಿಗ್ರೇಟೆಡ್ ಡಿವೈಸ್’ ಎಂದು, ನಾಲಿಗೆ ತಿರುಗದಿದ್ದರೂ ಕಾಗದ ನೋಡಿಕೊಂಡಾದರೂ, ಹೇಳಿರಿ. ಪ್ರಾಸ್ಥೆಟಿಕ್ ವಿಭಾಗದಲ್ಲಿ ಈ ಕೋಡಿಗೆ ಅವಕಾಶವಿದೆಯೇ ಎಂದು ಕೇಳಿರಿ. ಕರೆಯ ಗುರುತಿನ ಸಂಖ್ಯೆಯನ್ನು ಬರೆದುಕೊಳ್ಳಿರಿ. ಪೂರ್ವಾನುಮತಿ ಬರಹದಲ್ಲಿ ಕೈಸೇರುವ ತನಕ ಯಾವ ಕ್ಲಿನಿಕ್ಕಿನಲ್ಲೂ ಸಹಿ ಹಾಕಬೇಡಿರಿ. ನೌಕರಿಯವರು ಕೊಡುವ ಕೆಲವೇ ಪುಟಗಳ ಸಾರಾಂಶ ನಂಬಲಿಕ್ಕೆ ಯೋಗ್ಯವಲ್ಲ. ಪೂರ್ತಿ ಪ್ಲಾನ್ ಡಾಕ್ಯುಮೆಂಟನ್ನೇ ತರಿಸಿಕೊಂಡು, ಕೊಡಲಾಗದವುಗಳ ಪಟ್ಟಿಯಲ್ಲಿ ಬೋನ್ ಆಂಕರ್ಡ್ ಎಂಬ ಪದ ಇದೆಯೇ ಎಂದು ಹುಡುಕಬೇಕು. ಅಲ್ಲಿ ಅದು ಹೆಸರು ಹಿಡಿದೇ ಇದ್ದರೆ ಕೋಡು ಬದಲಿಸಿ ಪ್ರಯೋಜನವಿಲ್ಲ.

ನಿರಾಕರಣೆ ಬಂದೇಬಿಟ್ಟಿದ್ದರೆ ನಮ್ಮವರು ಮಾಡುವ ಎರಡನೆಯ ತಪ್ಪು ನೇರವಾಗಿ ಅಪೀಲಿಗೆ ಹೋಗುವುದು. ಮೊದಲು ಕ್ಲಿನಿಕ್ಕಿನವರಿಂದ ಸರಿಯಾದ ಕೋಡು ಹಾಕಿಸಿ ಕರೆಕ್ಟೆಡ್ ಕ್ಲೇಮ್ ಕಳುಹಿಸಿರಿ. ತಪ್ಪು ಕೋಡಿನದೇ ಆಗಿದ್ದರೆ ಕೆಲಸ ಅಲ್ಲಿಗೇ ಮುಗಿಯಬಹುದು. ನಾನು ಅಪೀಲಿನ ಹಾದಿ ಹಿಡಿದು ನಾಲ್ಕು ತಿಂಗಳು ಕಳೆದ ಮೇಲೆ, ಬಿಲ್ಲಿಂಗ್ ವಿಭಾಗದ ಹಿರಿಯ ಮಹಿಳೆಯೊಬ್ಬರು ಈ ಮಾತನ್ನು ಹೇಳಿದರು. ಅಪೀಲು ಅನಿವಾರ್ಯವಾದರೆ ಪತ್ರ ಕೈಸೇರಿದ ದಿನದಿಂದ 180 ದಿನಗಳ ಅವಕಾಶವಿದೆ. ಅದರಲ್ಲೂ ಸೋತರೆ ಹೊರಗಿನವರಿಂದ ಪರಿಶೀಲನೆ ಕೇಳಲು ನಾಲ್ಕು ತಿಂಗಳಿರುತ್ತದೆ. ನಮ್ಮಲ್ಲಿ ಹಲವರು ದುಡಿಯುವ ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಪ್ಲಾನುಗಳು ಸಾಮಾನ್ಯವಾಗಿ ಸೆಲ್ಫ್ ಫಂಡೆಡ್. ಎಂದರೆ, ಕಾರ್ಡಿನ ಮೇಲೆ ವಿಮಾ ಕಂಪನಿಯ ಮುದ್ರೆಯಿದ್ದರೂ ಹಣ ನಿಮ್ಮ ಮಾಲೀಕರದು. ರಾಜ್ಯದ ವಿಮಾ ಇಲಾಖೆಗೆ ಅದರ ಮೇಲೆ ಅಧಿಕಾರವಿಲ್ಲ. ಆದರೆ ಮನುಷ್ಯತ್ವವಿರುವ ಎಚ್‌ಆರ್‌ಗೆ ವಿನಾಯಿತಿ ಕೊಡಿಸುವ ದಾರಿ ಇರುತ್ತದೆ.

ಮಕ್ಕಳ ವಿಷಯದಲ್ಲಿ ಇದೇ ಸೂತ್ರ ಕೆಲವೊಮ್ಮೆ ತಲೆಕೆಳಗಾಗುತ್ತದೆ. ಐದು ತುಂಬದ ಮಕ್ಕಳಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ತಲೆಪಟ್ಟಿಗೆ ಪ್ರೊಸೆಸರ್ ಸಿಕ್ಕಿಸಿ ಕಟ್ಟುತ್ತಾರೆ. ಅದಕ್ಕೆ ಎಲ್ 8692 ಎಂಬ ಬೇರೆ ಕೋಡು. ಮೂಳೆಗೆ ನೆಟ್ಟಿಲ್ಲವಾದ್ದರಿಂದ ಅದು ಪ್ರಾಸ್ಥೆಟಿಕ್ ಅಲ್ಲ ಎಂದು ವಾದಿಸುವ ಕಂಪನಿಗಳಿವೆ. ಹಾಗಾದಾಗ, ಮಕ್ಕಳ ಹಿಯರಿಂಗ್ ಏಡ್‌ಗೆ ಹಣ ಕೊಡಲೇಬೇಕೆಂಬ ಕಾನೂನು ನಿಮ್ಮ ರಾಜ್ಯದಲ್ಲಿದ್ದರೆ ಆ ಬಾಗಿಲನ್ನು ತಟ್ಟಿರಿ. ಸೆಲ್ಫ್ ಫಂಡೆಡ್ ಪ್ಲಾನಿಗೆ ಆ ಕಾನೂನು ಅನ್ವಯಿಸುವುದಿಲ್ಲ ಎಂಬುದು ಮಾತ್ರ ನೆನಪಿರಲಿ. ದಾವಣಗೆರೆ ಕಡೆಯ ಯುವ ದಂಪತಿಯೊಬ್ಬರು, ಶಾಲೆಗೆ ತಿಳಿಸಿದರೆ ಮಗುವಿನ ಮೇಲೆ ಹಣೆಪಟ್ಟಿ ಬೀಳುತ್ತದೆಂದು ಒಂದು ವರ್ಷ ಸುಮ್ಮನಿದ್ದರು. ಇದು ದೊಡ್ಡ ನಷ್ಟ. ಸರ್ಕಾರಿ ಶಾಲೆ, ಮಗು ಧರಿಸಿದ ಸಾಧನದ ಹೊರಭಾಗ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಳ್ಳಬೇಕೆಂಬುದು ಇಲ್ಲಿನ ವಿಶೇಷ ಶಿಕ್ಷಣ ಕಾನೂನಿನಲ್ಲೇ ಇದೆ. ಶಿಕ್ಷಕಿಯ ಕೊರಳಿನ ಮೈಕ್‌ನಿಂದ ನೇರವಾಗಿ ಪ್ರೊಸೆಸರಿಗೆ ಧ್ವನಿ ಕಳುಹಿಸುವ ಏರ್ಪಾಡನ್ನೂ ಕೇಳಬಹುದು. ಈ ಒಂದು ವಿಷಯದಲ್ಲಿ ಅಮೆರಿಕಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಉಳಿದದ್ದರಲ್ಲಿ ಕೊಡುವುದಿಲ್ಲ. ಇಂಗ್ಲೆಂಡಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಮೂಲಕ ಇದೇ ಸಾಧನ ಪಡೆದಿದ್ದಾಳೆ. ಅವಳು ಸರದಿಯಲ್ಲಿ ಬಹುಕಾಲ ಕಾದಳು ನಿಜ. ಆದರೆ ಪ್ರೊಸೆಸರ್, ಬ್ಯಾಟರಿ ಎಲ್ಲವೂ ಪುಕ್ಕಟೆ, ಕೋಡು ಎಂದರೇನೆಂದು ಅವಳಿಗೆ ಗೊತ್ತೇ ಇಲ್ಲ. ಬೆಂಗಳೂರಿನಲ್ಲಿ ಇಡೀ ಮೊತ್ತವನ್ನು ಕೈಯಿಂದ ಕೊಡಬೇಕಾಗಬಹುದು, ಆದರೆ ಮೊತ್ತ ಎಷ್ಟೆಂದು ಮೊದಲೇ ಹೇಳುತ್ತಾರೆ. ಬೇಗ ಕೊಟ್ಟು ಬೆಲೆಯನ್ನು ಆಮೇಲೆ ಹೇಳುವ ಪದ್ಧತಿ ಇಲ್ಲಿಯದು.

ಇನ್ನು ದಿನನಿತ್ಯದ ಆರೈಕೆ. ಗುಂಡಿಯ ಬುಡದಲ್ಲಿ ಚರ್ಮ ಮತ್ತು ಲೋಹ ಸೇರುವ ಸಣ್ಣ ಉಂಗುರದಂಥ ಜಾಗವೊಂದಿದೆ. ತೊಂದರೆಯೆಲ್ಲ ಅಲ್ಲಿಂದಲೇ ಹುಟ್ಟುವುದು. ಅಲ್ಲಿ ಬೆವರು, ಹೊಟ್ಟು, ಉದುರಿದ ಕೂದಲು ಸೇರಿ ತಿಳಿ ಹಳದಿಯ ಹೆಕ್ಕಳಿಕೆಯಾಗುತ್ತದೆ. ಸ್ನಾನದಲ್ಲಿ ಅದು ನೆನೆದು ಮೆತ್ತಗಾದ ಮೇಲೆ, ಕೊಟ್ಟಿರುವ ಮೆದು ಬ್ರಶ್ಶಿನಿಂದ ಸೌಮ್ಯ ಸಾಬೂನು ನೀರು ಹಚ್ಚಿ ಬುಡದ ಸುತ್ತ ಹಗುರವಾಗಿ ತಿರುಗಿಸಿ ತೊಳೆಯಬೇಕು. ಉಗುರಿನಿಂದ ಕೆರೆದು ಕೀಳಬಾರದು. ಒಂದು ದೀಪಾವಳಿಗೆ ಅಮ್ಮ ಇಲ್ಲಿಗೆ ಬಂದಿದ್ದಾಗ ನರಕ ಚತುರ್ದಶಿಯ ಎಣ್ಣೆಸ್ನಾನವನ್ನು ಬೇಡ ಎನ್ನಲಾಗದೆ ತಲೆಯೊಡ್ಡಿದೆ. ಕೊಬ್ಬರಿ ಎಣ್ಣೆ ಬುಡಕ್ಕೆ ಇಳಿದು, ಕೂದಲನ್ನು ಹಿಡಿದಿಟ್ಟು, ನಾಲ್ಕನೇ ದಿನಕ್ಕೆ ಸುತ್ತಲೂ ಕೆಂಪಾಗಿ ಒದ್ದೆಯೊಸರತೊಡಗಿತು. ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಆ ಕಡೆ ಬಿಟ್ಟು ಉಳಿದ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವುದನ್ನು ಮುಂದಿನ ವರ್ಷ ಕಲಿತೆ. ಕೆಂಪು, ನೋವು ಅಥವಾ ಒಸರು ಕಂಡರೆ ತಜ್ಞರ ಭೇಟಿಗೆ ಹಣ ತೆರುವ ಮೊದಲು ಫೋಟೋ ತೆಗೆದು ಆಸ್ಪತ್ರೆಯ ಪೋರ್ಟಲಿನಲ್ಲಿ ನರ್ಸಿಗೆ ಕಳುಹಿಸಿರಿ. ಆದರೆ ಕಳುಹಿಸದೆ ವಾರಗಟ್ಟಲೆ ಕಾಯಬೇಡಿರಿ.

ಪ್ರೊಸೆಸರನ್ನು ಸ್ನಾನ, ಈಜು, ಕೂದಲ ಬಣ್ಣ, ನಿದ್ದೆ, ಎಂಆರ್‌ಐ ಇವಕ್ಕೆ ಮೊದಲು ತೆಗೆದಿಡಬೇಕು. ಎಂಆರ್‌ಐ ಮಾಡುವವರಿಗೆ ಸಾಧನದ ಕಾರ್ಡು ತೋರಿಸಿರಿ. ಚರ್ಮದೊಳಗೆ ಅಯಸ್ಕಾಂತವಿರುವ ಮಾದರಿಗಳ ನಿಯಮವೇ ಬೇರೆ. ಜಿಂಕ್ ಏರ್ ಬ್ಯಾಟರಿಯ ಅಂಟುಪಟ್ಟಿ ಕಿತ್ತ ಕ್ಷಣದಿಂದ ಗಾಳಿಯನ್ನು ಎಳೆದುಕೊಂಡು ಸವೆಯಲಾರಂಭಿಸುತ್ತದೆ, ಮತ್ತೆ ಅಂಟಿಸಿದರೂ ನಿಲ್ಲುವುದಿಲ್ಲ. ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಿದರೆ ಚೆನ್ನ. ಓಹಾಯೋದ ಚಳಿಗಾಲದಲ್ಲಿ ಉಣ್ಣೆ ಟೋಪಿ ತಗುಲಿದರೆ ಪ್ರೊಸೆಸರ್ ಕುಕ್ಕರಿನಂತೆ ಕೂಗುತ್ತದೆ. ಟೋಪಿ ತೆಗೆಯುವಾಗ ಅದರ ಜೊತೆ ಹಾರಿ ಹಿಮದಲ್ಲಿ ಬಿದ್ದರೆ ಹುಡುಕುವುದು ಕಷ್ಟ. ಅಂಗಿಗೆ ಸಿಕ್ಕಿಸುವ ದಾರ ನೋಡಲು ಚೆನ್ನಾಗಿಲ್ಲವೆಂದು ನಾನೂ ಬಿಟ್ಟಿದ್ದೆ, ಈಗ ಹಾಕುತ್ತೇನೆ.

ಅಪ್ಪ ಅಮ್ಮನನ್ನು ಆರು ತಿಂಗಳಿಗೆ ಕರೆಸಿಕೊಂಡು ಇಲ್ಲಿಯೇ ಸಾಧನ ಹಾಕಿಸಬಹುದೇ ಎಂದು ಕೇಳುವವರಿದ್ದಾರೆ. ಸಂದರ್ಶಕರ ವಿಮೆಗಳು ಸಾಮಾನ್ಯವಾಗಿ ಹಳೆಯ ಕಾಯಿಲೆಗೂ ಶ್ರವಣ ಸಾಧನಕ್ಕೂ ಹಣ ಕೊಡುವುದಿಲ್ಲ. ಅವರನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದು ತೋರಿಸುವುದು ಎಷ್ಟೋ ಪಾಲು ವಿವೇಕ.

ಕೊನೆಯದಾಗಿ, ನೌಕರಿ ಹೋಗುವ ಸೂಚನೆ ಸಿಕ್ಕಾಗ. ಎಚ್ ಒನ್ ಬಿಯಲ್ಲಿರುವವರ ಗಮನವೆಲ್ಲ ವೀಸಾದ 60 ದಿನಗಳ ಗಡುವಿನ ಮೇಲೆಯೇ ಇರುತ್ತದೆ. ಕೋಬ್ರಾ ಎಂಬ ಕಾನೂನಿನ ಮೂಲಕ ಹಳೆಯ ವಿಮೆಯನ್ನು ಮುಂದುವರಿಸಲು ನಿರ್ಧರಿಸುವುದಕ್ಕೂ ಕನಿಷ್ಠ 60 ದಿನಗಳಿವೆ, ಆಮೇಲೆ ಆರಿಸಿಕೊಂಡು ಕಂತು ಕಟ್ಟಿದರೂ ಅದು ಹಿಂದಿನ ದಿನಾಂಕದಿಂದಲೇ ಜಾರಿಗೆ ಬರುತ್ತದೆ. ಪ್ರೊಸೆಸರಿಗೆ ಐದು ವರ್ಷ ದಾಟಿದ್ದರೆ ಬದಲಾವಣೆಯ ಅರ್ಜಿಯನ್ನು ಹಳೆಯ ಪ್ಲಾನು ಜೀವಂತವಿರುವಾಗಲೇ, ಎಲ್ 8691 ಎಂದು ಕಾಗದದ ಮೇಲೆ ಕಣ್ಣಾರೆ ನೋಡಿಕೊಂಡು, ಕಳುಹಿಸಿರಿ. ವೈದ್ಯಕೀಯ ಖರ್ಚಿಗೆಂದು ಸಂಬಳದಿಂದ ತೆಗೆದಿಡುವ ಎಫ್‌ಎಸ್‌ಎ ಖಾತೆಯಲ್ಲಿ ಉಳಿದ ಹಣಕ್ಕೆ ನೌಕರಿಯ ಕೊನೆಯ ದಿನದೊಳಗೆ ಬ್ಯಾಟರಿ ಕೊಂಡುಬಿಡಿರಿ. ಪಟ್ಟಿ ಕೀಳದಿದ್ದರೆ ಅವು ವರ್ಷಗಟ್ಟಲೆ ಕೆಡುವುದಿಲ್ಲ.