ಬ್ರೊಮಿಲಿಯಾಡ್ ಬಟ್ಟಲಿಗೆ ಬೋರ್ಡೋ ಬಿದ್ದ ವರ್ಷ

ಮೂಡಿಗೆರೆ ಸಮೀಪದ ನಮ್ಮ ಕಾಫಿ ತೋಟದ ಮನೆಯಂಗಳದಲ್ಲಿ ಬ್ರೊಮಿಲಿಯಾಡ್ ಎಂಬ ಅಲಂಕಾರದ ಗಿಡಗಳನ್ನು ಬೆಳೆಸಲು ಆರಂಭಿಸಿ ಒಂಬತ್ತು ವರ್ಷಗಳಾದವು. ಮೊದಲು ತಂದದ್ದು ಅವುಗಳಲ್ಲೇ ಒಂದು ಬಗೆಯಾದ ನಿಯೋರೆಜೀಲಿಯಾದ ನಾಲ್ಕು ಗಿಡಗಳನ್ನು. ಅವನ್ನು ಕಂಡ ನಮ್ಮ ಅತ್ತೆ, "ಏನೋ ಮಾರಾಯ, ದುಡ್ಡು ಕೊಟ್ಟು ಅನಾನಸು ಗಿಡ ತಂದಿದ್ದೀಯಲ್ಲ, ಹಿತ್ತಲಲ್ಲಿ ಬೇಕಾದಷ್ಟು ಇರಲಿಲ್ಲವೇ?" ಎಂದು ನಕ್ಕರು. ಅವರ ಮಾತು ಪೂರ್ತಿ ತಪ್ಪಲ್ಲ; ಅನಾನಸೂ ಇದೇ ಕುಟುಂಬದ್ದು. ಆದರೆ ಅದು ನೆಲದ ಗಿಡ. ನಿಯೋರೆಜೀಲಿಯಾ ಮತ್ತು ಇನ್ನೊಂದು ಬಗೆಯ ಬ್ರೊಮಿಲಿಯಾಡ್ ಆದ ಗುಜ್ಮೇನಿಯಾಗಳಲ್ಲಿ ಹೆಚ್ಚಿನವು ತಮ್ಮ ತವರಾದ ಅಮೆರಿಕ ಖಂಡದ ಕಾಡುಗಳಲ್ಲಿ ಮರದ ಕೊಂಬೆ ಹಿಡಿದು ಬದುಕುವಂಥವು.

ಈ ವ್ಯತ್ಯಾಸವನ್ನು ಅರಿಯದೆ ನಾನು ಕುಂಡಗಳಿಗೆ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ, ಬುಡ ಮುಚ್ಚುವಷ್ಟು ಆಳಕ್ಕೆ ನೆಟ್ಟಿದ್ದೆ. ಆರಿದ್ರಾ ಮಳೆ ಮುಗಿಯುವ ಹೊತ್ತಿಗೆ ಒಂದರ ಬುಡ ಕೊಳೆತು, ಎಲೆ ಹಿಡಿದು ಎತ್ತಿದರೆ ಗಿಡವೇ ಕೈಗೆ ಬಂತು. ಇವುಗಳ ಬೇರಿಗೆ ಹಿಡಿದುಕೊಳ್ಳುವುದೇ ಮುಖ್ಯ ಕೆಲಸ. ನೀರನ್ನೂ ಸಾರವನ್ನೂ ಗಿಡವು ಎಲೆಗಳ ಬುಡ ಸೇರಿ ಆದ ಬಟ್ಟಲಿನಿಂದ, ಎಲೆಯ ಮೈಮೇಲಿನ ಸೂಕ್ಷ್ಮ ಹೊಪ್ಪಳೆಗಳ ಮೂಲಕ ಹೀರಿಕೊಳ್ಳುತ್ತದೆ. ಅಂದಿನಿಂದ ತೆಂಗಿನ ಸಿಪ್ಪೆಯ ತುಂಡು, ಇದ್ದಿಲು ಮತ್ತು ಸಣ್ಣ ಜಲ್ಲಿ ಬಿಟ್ಟರೆ ಕುಂಡಕ್ಕೆ ಬೇರೇನನ್ನೂ ಹಾಕುತ್ತಿಲ್ಲ.

ಬಟ್ಟಲಿನಿಂದಲೇ ಕುಡಿಯುತ್ತದೆ ಎಂಬ ಸಂಗತಿಯ ಇನ್ನೊಂದು ಮುಖ ತಿಳಿದದ್ದು ಮೂರನೆಯ ವರ್ಷ. ಮೇ ಕೊನೆಯಲ್ಲಿ ಮೆಣಸಿನ ಬಳ್ಳಿಗೆ ಸೊರಗು ರೋಗ ಬಾರದಿರಲೆಂದು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಮಾಡಿ ಹೊಡೆಸಿದೆವು. ಅಂಗಳದಂಚಿನ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಬಳ್ಳಿಗೆ ಹೊಡೆಯುವಾಗ ಗಾಳಿ ಮನೆಯ ಕಡೆಗೇ ಬೀಸುತ್ತಿತ್ತು. ಮರುದಿನ ನೋಡಿದರೆ ಬಟ್ಟಲಿನ ನೀರಿನಲ್ಲಿ ತಿಳಿನೀಲಿ ಗಸಿ ಕೂತಿತ್ತು. ಕೊಳೆ ತಡೆಯುವ ಔಷಧವೇ ತಾನೇ, ಮಳೆಗಾಲಕ್ಕೆ ಒಳ್ಳೆಯದೇ ಆಯಿತು ಎಂದುಕೊಂಡು ಸುಮ್ಮನಾದೆ. ಅದು ನನ್ನದೇ ಮೂರ್ಖತನ. ಕೆಲವೇ ವಾರಗಳಲ್ಲಿ ನಡುವಿನ ಎಳೆಯ ಎಲೆಗಳು ಕಂದಿ, ಸುಳಿ ಕೊಳೆತು, ಅಷ್ಟರಲ್ಲಿ ಹನ್ನೊಂದಾಗಿದ್ದ ಗಿಡಗಳಲ್ಲಿ ಏಳು ಹೋದವು. ಕಾಫಿ, ಮೆಣಸು, ಅಡಿಕೆಗಳನ್ನು ಕಾಯುವ ತಾಮ್ರವೇ ಬ್ರೊಮಿಲಿಯಾಡಿಗೆ ವಿಷ. ಮರಕ್ಕೆ ಕಟ್ಟಲು ತಾಮ್ರದ ತಂತಿಯನ್ನೂ ಬಳಸಬಾರದು; ನಾನು ಹಲಸಿನ ಮರಕ್ಕೆ ಹಳೆಯ ಸೀರೆಯ ಪಟ್ಟಿಯಿಂದ ಕಟ್ಟಿದ್ದೇನೆ. ಈಗ ಔಷಧಿ ಹೊಡೆಯುವ ದಿನ ಕುಂಡಗಳು ಕಾಫಿ ಒಣಗಿಸುವ ಕಣದಾಚೆಗೆ ಹೋಗುತ್ತವೆ, ಮರದ ಮೇಲಿನವಕ್ಕೆ ಟಾರ್ಪಾಲು ಹೊದಿಸುತ್ತೇವೆ. ಅಕಸ್ಮಾತ್ ಹನಿ ಬಿದ್ದರೆ ಗಿಡವನ್ನು ಬಗ್ಗಿಸಿ ಬಟ್ಟಲು ಬರಿದು ಮಾಡಿ, ಒಳ್ಳೆಯ ನೀರಿನಿಂದ ಎರಡು ಮೂರು ಬಾರಿ ತೊಳೆಯುತ್ತೇನೆ.

ಸೊಳ್ಳೆ ಮರಿಯಾಗದಂತೆ ಬೇಸಿಗೆಯಲ್ಲಿಯೂ ವಾರಕ್ಕೊಮ್ಮೆ ಹಳೆಯ ನೀರು ಚೆಲ್ಲಿ ಹೊಸದನ್ನು ತುಂಬಬೇಕು. ಬಾವಿಯ ಗಡಸು ನೀರು ಎಲೆಯ ಮೇಲೆ ಬಿಳಿ ಕಲೆ ಉಳಿಸುವುದರಿಂದ ಮಳೆನೀರನ್ನೇ ಡ್ರಮ್ಮಿನಲ್ಲಿ ಹಿಡಿದಿಟ್ಟಿರುತ್ತೇನೆ.

ನೆರಳಿನ ವಿಷಯದಲ್ಲಿ ಕಾಫಿಯವರಿಗೆ ಪಾಠ ಬೇಕಿಲ್ಲ. ನಿಯೋರೆಜೀಲಿಯಾವನ್ನು ದಟ್ಟ ನೆರಳಿನಲ್ಲಿಟ್ಟರೆ ಕೆಂಪು ಮಾಸಿ ಹಸಿರಾಗಿ ಎಲೆ ಜೋಲುತ್ತದೆ. ಬೆಳಗಿನ ಬಿಸಿಲು ತಾಗುವ ಪೂರ್ವದ ಜಗಲಿಗೆ ತಂದ ಮೇಲೆ ಬರುವ ಎಲೆಗಳಲ್ಲಿ ಬಣ್ಣ ಮರಳಿತು. ಗುಜ್ಮೇನಿಯಾಕ್ಕೆ ಅಷ್ಟೂ ಬೇಡ. ಡಿಸೆಂಬರಿನ ಚಳಿಯಲ್ಲಿ ಅದು ಮುದುಡುವುದರಿಂದ ರಾತ್ರಿ ಒಳಗಿಡುತ್ತೇನೆ.

ಬೋರ್ಡೋ ಬಿದ್ದು ಉಳಿದ ನಾಲ್ಕರಲ್ಲಿ ಮೂರು ಸುಳಿ ಕಳೆದುಕೊಂಡಿದ್ದರಿಂದ ಮತ್ತೆ ಬೆಳೆಯಲಿಲ್ಲ, ಆದರೆ ಬುಡದಲ್ಲಿ ಕಂದು, ಅಂದರೆ ಮರಿಗಿಡ, ಒಡೆದವು. ಹೂ ಬಿಟ್ಟ ತಾಯಿಗಿಡವೂ ಹಾಗೆಯೇ, ಮತ್ತೆ ಹೂ ಬಿಡದೆ ಕಂದು ಕೊಟ್ಟು ನಿಧಾನವಾಗಿ ಸಾಯುತ್ತದೆ. ಕಂದು ತಾಯಿಯ ಮೂರನೇ ಒಂದು ಭಾಗವಾದರೂ ಬೆಳೆಯುವವರೆಗೆ ಕಾದು, ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆ ಬಿದ್ದ ಮೇಲೆ ಹರಿತವಾದ ಕತ್ತಿಯಿಂದ ಬಿಡಿಸಿ, ಗಾಯ ಒಂದು ದಿನ ಒಣಗಿದ ನಂತರ ನೆಡುತ್ತೇನೆ. ಆ ಮೂರರಿಂದ ಬಂದ ಕಂದುಗಳೇ ಇಂದು ಜಗಲಿ ತುಂಬಿವೆ; ಎರಡನ್ನು ಅತ್ತೆಯೂ ಕೇಳಿ ಒಯ್ದಿದ್ದಾರೆ.